ತೂತಿಲ್ಲದ ಔಷಧಿ

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹೊಸಪೇಟೆ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಸಂಡೂರಿನ ತಾಯಕ್ಕ, ಕಬ್ಬಿಣದ ಅದಿರಿನ ಗಣಿಯಲ್ಲಿ ಅರ್ಧ ಆಯುಷ್ಯ ಬುಟ್ಟಿ ಹೊತ್ತವಳು. ಇನ್ನೊಬ್ಬಳು ಭರಮಮ್ಮ, ಅದೇ ಊರಿನ ಗಣಿ ಕೂಲಿ ಹೆಂಗಸರ ಸಂಘದವಳು. ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಗಾದಿಲಿಂಗ ತಲೆ ಎತ್ತದೆಯೇ ಕೇಳಿದ.

"ಏನು ಕಳುವಾಗೇತಿ?"

"ಔಷಧಿರಿ," ಅಂದಳು ತಾಯಕ್ಕ.

"ಎಲ್ಲಿಂದ? ಮನೀಂದೋ, ಬಸ್ಸಿನಾಗೋ?"

"ಸೂಜಿಯೊಳಗಿಂದ."

ಗಾದಿಲಿಂಗ ಈಗ ತಲೆ ಎತ್ತಿದ. "ಯವ್ವಾ, ಇದು ಪೊಲೀಸ್ ಸ್ಟೇಷನ್ನು. ಸೂಜಿ ಮಾತು ದವಾಖಾನಿಗೆ ಹೋಗಿ ಹೇಳು."

"ಕದ್ದವ್ರು ದವಾಖಾನಿಯವ್ರ ಇದ್ದಾರ," ಭರಮಮ್ಮ ಮುಂದೆ ಬಂದಳು. "ಕಳ್ಳರ ಮನೀಗೇ ಹೋಗಿ ಕಳುವಿನ ಕಂಪ್ಲೇಂಟ್ ಕೊಡ್ರಿ ಅಂತ ಯಾವ ಕಾಯ್ದೆದಾಗ ಬರದೈತ್ರಿ? ತಗೀರಿ ಪುಸ್ತಕ. ಓದಾಕ ಬರ್ತೈತಿ ನನಗ."

ಇನ್ಸ್‌ಪೆಕ್ಟರ್ ಚಂದ್ರಕಲಾ ತನ್ನ ಕೊಠಡಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಒಳಗ ಬರ್ರಿ. ಕುಂದ್ರಿ," ಅಂದಳು.

ತಾಯಕ್ಕನ ಎಡ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ಹಳೆಯ ಔಷಧಿಗಳಿಗೆ ಅದು ಬಗ್ಗಿರಲಿಲ್ಲ. ಆರು ತಿಂಗಳ ಹಿಂದೆ ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದು ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಒಂಬತ್ತು ರೋಗಿಗಳನ್ನು ಆಯ್ದುಕೊಂಡಾಗ ಆಕೆಯೂ ಒಬ್ಬಳಾದಳು. ಔಷಧಿ ಎಂದರೆ ಸಿಲಿಕಾನಿನ ಕಣಗಳು, ಕಣ್ಣಿಗೆ ಬೀಳದಷ್ಟು ಸಣ್ಣವು. ಪ್ರತಿ ಕಣದ ತುಂಬ ಜೇನುಹುಟ್ಟಿನಂತೆ ತೂತು. ಆ ತೂತುಗಳಲ್ಲಿ ಎರಡು ಸರಕು ತುಂಬಿರುತ್ತಾರೆ. ಒಂದು ಕ್ಯಾನ್ಸರ್ ಕೊಲ್ಲುವ ಮದ್ದು. ಇನ್ನೊಂದು, ಆ ಮದ್ದಿಗೆ ಬಗ್ಗದಂತೆ ಗಡ್ಡೆಗೆ ಹಟ ಕಲಿಸಿದ ಜೀನಿನ ಬಾಯಿ ಮುಚ್ಚಿಸುವ ತುಣುಕು. ಗಡ್ಡೆಗೆ ಸೂಜಿ ಹಾಕಿದ ಮೇಲೆ ಹೊರಗಿನಿಂದ ಒಂದು ಬಗೆಯ ಬೆಳಕು ಹಿಡಿದರೆ ಕಣಗಳೇ ಕಾದು ಬಿಸಿಯಾಗುತ್ತವೆ. ಮದ್ದು, ಜೀನು, ಬಿಸಿ, ಮೂರೂ ಏಟು ಒಟ್ಟಿಗೆ. ಇಂಥ ನಾಲ್ಕು ಸರದಿ ಆಗಬೇಕಿತ್ತು.

"ಜೀನ್ ಅಂದ್ರ ಹುಡುಗ್ರು ಹಾಕ್ಕೊಳೋ ಪ್ಯಾಂಟ್ ಏನ್ರಿ?" ಗಾದಿಲಿಂಗ ಕೇಳಿದ.

"ಅದು ನಿನ್ನ ಸೊಂಟಕ್ಕ ಹಿಡಿಯಂಗಿಲ್ಲ ಬಿಡು," ಅಂದಳು ಭರಮಮ್ಮ. ಚಂದ್ರಕಲಾ ನಗು ತಡೆದುಕೊಂಡು ತಾಯಕ್ಕನ ಕಡೆ ತಿರುಗಿದಳು.

"ಕಳುವಾಗೇತಿ ಅಂತ ಹೆಂಗ ಗೊತ್ತಾತು?"

"ಮೊದಲ್ನೇ ಸಲ ಲೈಟ್ ಹಿಡದಾಗ ಗಡ್ಡಿ ಒಳಗ ಬಿಸಿಯಾತ್ರಿ. ಚಾದ ಲೋಟ ಎದಿಗೆ ಒತ್ತಿದಂಗ. ಆಮ್ಯಾಲೆ ಗಡ್ಡಿ ಇಳೀತು, ನನ್ನ ಕೈಗೇ ಗೊತ್ತಾತು. ಎರಡನೇ ಸಲ ತಣ್ಣಗ. ಏನೂ ಇಲ್ಲ. ಒಂದು ವಾರದಾಗ ಕೀವಾತು."

"ಯಾರಿಗೆ ಹೇಳಿದ್ರಿ?"

"ಅಪೇಕ್ಷಾ ಡಾಕ್ಟ್ರಿಗೆ. ಅವ್ರು ಕೇಳಿದ್ರು, ಕೀವು ತಗದು ವಾಸಿ ಮಾಡಿದ್ರು. ದೊಡ್ಡ ಸಾಹೇಬ್ರು ನಕ್ಕುಬಿಟ್ರು. ಈ ಶುಕ್ರವಾರ ಮೀಟಿಂಗ್ ಐತಂತ. ನನಗ ಔಷಧಿ ಹಿಡಿಸಿಲ್ಲ ಅಂತ ತಗದು ಹಾಕ್ತಾರಂತ." ತಾಯಕ್ಕ ಸೆರಗು ಸರಿಮಾಡಿಕೊಂಡಳು. "ಹಿಡಿಸಿಲ್ಲ ಅಂದ್ರ ಹೆಂಗ್ರಿ? ಕೊಟ್ಟಿದ್ರ ಹಿಡಿಸ್ತಿತ್ತು. ತಗದ್ರ ಮನೀಗೆ ಹೋಗಿ ಸಾಯೂದ ಅಷ್ಟ ಉಳೀತೈತಿ."

ಗಾದಿಲಿಂಗ ಕಂಪ್ಯೂಟರ್ ಮುಂದೆ ಕೂತವನು ಕೈ ನಿಲ್ಲಿಸಿದ. "ಮೇಡಂ, ಔಷಧಿ ದವಾಖಾನಿ ಮಾಲು. ದೂರುದಾರರು ಅವರಾಗಬೇಕಲ್ರಿ?"

"ಅದು ಯಾರ ಮೈಯೊಳಗ ಹೋಗಬೇಕಿತ್ತು?"

"ಈಕಿ ಮೈಯೊಳಗ."

"ಹಂಗಾದ್ರ ಈಕಿದ. ಬರಿ."

11.20ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯಡಿ ನಂಬಿಕೆ ದ್ರೋಹ ಮತ್ತು ಔಷಧ ಕಲಬೆರಕೆ. ದೂರುದಾರರು: ತಾಯಕ್ಕ, ಗಣಿ ಕೂಲಿ, ಸಂಡೂರು. ಆರೋಪಿ: ಅಪರಿಚಿತ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ನಿರ್ದೇಶಕ ಡಾಕ್ಟರ್ ಲಿಂಗರಾಜ್ ಎಫ್‌ಐಆರ್ ಪ್ರತಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟ.

"ಬಿಸಿ ಆಗಲಿಲ್ಲ ಅನ್ನೋದು ಒಂದು ದೂರಾ ಮೇಡಂ? ಇದು ವಿಜ್ಞಾನ. ಗಣಿ ಕೂಲಿಯವರು ಅನಿಸಿದ್ದು ಹೇಳ್ತಾರೆ, ನಾವು ಅದನ್ನ ಕೇಳ್ತಾ ಕೂತ್ರೆ ಪ್ರಯೋಗ ಮುಗಿದ ಹಾಗೆ."

"ಪ್ರಯೋಗ ಯಾರ ಮ್ಯಾಲೆ ನಡದೈತ್ರಿ?"

ಲಿಂಗರಾಜ್ ಗಂಟೆ ಒತ್ತಿ ಪ್ರಯೋಗದ ಸಂಯೋಜಕನನ್ನು ಕರೆಸಿದ. ಪ್ರಭಂಜನ ಎಂಬ ಹೆಸರಿನ ಆತ ನಲವತ್ತರ ಆಸುಪಾಸಿನವನು, ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಬಂದವನೇ ಎಲ್ಲರಿಗೂ ನೀರು ತರಿಸಿದ.

"ಔಷಧಿ ಇಲ್ಲಿಗೆ ಹೆಂಗ ಬರ್ತದ?" ಚಂದ್ರಕಲಾ ಕೇಳಿದಳು.

"ಬೆಂಗಳೂರಿನಿಂದ ಬೆಳಗಿನ ರೈಲಿಗೆ ಐಸ್ ಪೆಟ್ಟಿಗೆಯೊಳಗ ಬರ್ತದರಿ. ಡ್ರೈವರ್ ಈಶ್ವರ್ ಸ್ಟೇಷನ್ನಿಂದ ತರ್ತಿದ್ದ. ನಾ ಇಳಿಸ್ಕೊಂಡು ಫ್ರಿಜ್ಜಿನ್ಯಾಗ ಇಡ್ತೇನಿ. ಸೂಜಿ ಹಾಕೋವ್ರು ಅಪೇಕ್ಷಾ ಮೇಡಂ."

"ಈಶ್ವರ್ ಎಲ್ಲಿ?"

"ಹೋದ ತಿಂಗಳು ಕೆಲಸದಿಂದ ತೆಗೆದ್ವಿ. ಶಿಸ್ತು ಇಲ್ಲ," ಲಿಂಗರಾಜ್ ನಡುವೆ ಬಾಯಿ ಹಾಕಿದ. "ಏನಾದ್ರೂ ಆಗಿದ್ರೆ ಅವನೇ ಮಾಡಿರಬೇಕು. ಅವನನ್ನ ಹಿಡೀರಿ, ನಾಲ್ಕು ಬಿಟ್ರೆ ತಾನೇ ಬಾಯಿ ಬಿಡ್ತಾನೆ."

ಆಸ್ಪತ್ರೆಯ ಗಾಜಿನ ಕೊಠಡಿಗಳಲ್ಲಿ ಎಲ್ಲ ತಪ್ಪೂ ಕೊನೆಗೆ ಇಳಿದು ಸೇರುವ ಜಾಗ ಡ್ರೈವರನ ಸೀಟು. ಚಂದ್ರಕಲಾ ಇಂಥದ್ದನ್ನು ನೋಡಿ ಬಲ್ಲಳು. ಈಶ್ವರನ ಊರಿನ ಹೆಸರು ಕೇಳಿಕೊಂಡು ಎದ್ದಳು.

ಪ್ರಯೋಗದ ಔಷಧಿಯ ಬಾಟಲಿಗಳನ್ನು ಖಾಲಿಯಾದರೂ ಎಸೆಯುವಂತಿಲ್ಲ ಎಂಬ ನಿಯಮ ಅಲ್ಲಿ ಕೆಲಸಕ್ಕೆ ಬಂತು. ಡಾಕ್ಟರ್ ಅಪೇಕ್ಷಾ ತಾಯಕ್ಕನ ಮೊದಲ ಸರದಿಯ ಬಾಟಲಿಗಳನ್ನೂ ಎರಡನೆಯದರ ಬಾಟಲಿಗಳನ್ನೂ ಕಪಾಟಿನಿಂದ ತೆಗೆದುಕೊಟ್ಟಳು. ಎರಡರ ತಳದಲ್ಲೂ ಉಳಿದದ್ದು ಹಳದಿ ಬಣ್ಣದ ಮಂದ ನೀರು. ಕಣ್ಣಿಗೆ ವ್ಯತ್ಯಾಸವಿಲ್ಲ. ಇಬ್ಬರು ಪಂಚರ ಸಮಕ್ಷಮದಲ್ಲಿ ಪಂಚನಾಮೆ ನಡೆಯಿತು. ಹೊಸ ಕಾನೂನಿನಂತೆ ಅದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸುವ ಹೊಣೆ ಗಾದಿಲಿಂಗನದು. ಐದು ನಿಮಿಷದ ವಿಡಿಯೊದಲ್ಲಿ ಮೊದಲ ಒಂದು ನಿಮಿಷ ಅವನ ಹೆಬ್ಬೆರಳೇ ಕಾಣುತ್ತಿತ್ತು. ಎರಡನೆಯ ಸಲ ಮಾಡಿಸಿದರು.

ಮಂಗಳವಾರ ಲಿಂಗರಾಜನೇ ಫೋನ್ ಮಾಡಿದ. ಪೊಲೀಸರು ಒಯ್ಯುವ ಮುಂಚೆ ಎರಡನೆಯ ಸರದಿಯ ಬಾಟಲಿ ಒರೆಸಿಟ್ಟಿದ್ದ ಹತ್ತಿಯನ್ನು ಆಸ್ಪತ್ರೆ ತಾನಾಗಿ ಪರೀಕ್ಷೆ ಮಾಡಿಸಿತ್ತು. ದನಿಯಲ್ಲಿ ಗೆಲುವು. "ಸಿಲಿಕಾನ್ ಇದೆ ಮೇಡಂ. ಔಷಧಿ ಅಸಲಿ. ನಿಮ್ಮ ಕೇಸು ಮುಗೀತು."

ಚಂದ್ರಕಲಾ ಅಪೇಕ್ಷಾಳನ್ನು ಠಾಣೆಗೆ ಕರೆಸಿದಳು.

"ಸಿಲಿಕಾನ್ ಇದ್ರ ಔಷಧಿ ಅಸಲಿ ಅಂತಾನ?"

"ಮರಳಿನ್ಯಾಗೂ ಸಿಲಿಕಾನ್ ಅದರಿ ಮೇಡಂ. ಗಾಜಿನ್ಯಾಗೂ ಅದ. ನಮ್ಮ ಔಷಧಿ ಅಂದ್ರ ಕಣ ಅಲ್ಲ, ಕಣದೊಳಗಿನ ತೂತು. ತೂತಿದ್ರನ ಮದ್ದು ಕೂಡೋದು, ತೂತಿದ್ರನ ಬೆಳಕಿಗೆ ಕಾಯೋದು. ತೂತು ಅದಾವೋ ಇಲ್ಲೋ ನೋಡಸ್ರಿ."

ಬಾಟಲಿಗಳು ಆಗಲೇ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿದ್ದವು. ಚಂದ್ರಕಲಾ ಇನ್ನೊಂದು ಸಾಲು ಸೇರಿಸಿ ಪತ್ರ ಕಳಿಸಿದಳು: ಕಣಗಳಲ್ಲಿ ರಂಧ್ರಗಳಿವೆಯೇ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಸುವುದು. ಶುಕ್ರವಾರಕ್ಕೆ ಮುಂಚೆ ತಿಳಿಸುವುದು. ಒಬ್ಬಳ ಜೀವ ಇದರ ಮೇಲಿದೆ.

ಸರಕಾರಿ ಪತ್ರದಲ್ಲಿ ಇಂಥ ಸಾಲು ಬರೆಯುವಂತಿಲ್ಲ. ಬರೆದಿದ್ದಕ್ಕೇ ಇರಬೇಕು, ಬುಧವಾರ ಸಂಜೆ ಎರಡು ಚಿತ್ರ ಬಂದವು. ಮೊದಲ ಸರದಿಯ ಕಣ ಜೇನುಹುಟ್ಟಿನ ಹಾಗೆ ತೂತು ತೂತು. ಎರಡನೆಯ ಸರದಿಯದು ಸಿಪ್ಪೆ ಸಿಪ್ಪೆಯಾಗಿ ಎದ್ದ ಹಲಗೆ, ಮುಚ್ಚಿದ ಗೋಡೆ. ಒಂದೂ ತೂತಿಲ್ಲ. ಜೊತೆಯ ವರದಿ ಹೇಳಿದ್ದಿಷ್ಟು: ಉಪ್ಪುನೀರಿನಲ್ಲಿ ಕಲಸಿದ ಬಹು ನುಣುಪಾದ ಹಳದಿ ಜೇಡಿಮಣ್ಣು.

ತಾಯಕ್ಕನ ಎದೆಗೆ ಮಣ್ಣು ಚುಚ್ಚಿದ್ದರು.

ವರದಿ ಹಿಡಿದು ಚಂದ್ರಕಲಾ ಆಸ್ಪತ್ರೆಗೆ ಹೋದಾಗ ತಾಯಕ್ಕ, ಭರಮಮ್ಮ ಹೊರಗಿನ ಬೆಂಚಿನ ಮೇಲಿದ್ದರು. ಲಿಂಗರಾಜ್ ಓದಿ ಮುಗಿಸಿ ಕನ್ನಡಕ ತೆಗೆದ.

"ಮಣ್ಣು! ನೋಡಿ, ಇವರು ಸಂಡೂರಿನ ಗಣಿಯವರು. ಮೈ ತುಂಬ ಅದಿರಿನ ದೂಳು. ಅದೇ ಹೇಗೋ ಸೇರಿರಬೇಕು."

ಬೆಂಚಿನಿಂದೆದ್ದು ಬಾಗಿಲಲ್ಲಿ ನಿಂತಿದ್ದ ಭರಮಮ್ಮ ಒಳಗೆ ಬಂದಳು. "ಸಾಹೇಬ್ರ, ನಮ್ಮ ಸಂಡೂರು ಮಣ್ಣು ಕೆಂಪಗೈತ್ರಿ. ಉಟ್ಟಿದ್ದು, ತಿಂದಿದ್ದು, ಉಗುಳಿದ್ದು ಎಲ್ಲಾ ಕೆಂಪ. ಹಳದಿ ಮಣ್ಣು ನಮ್ಮ ಮೈಯಾಗ ಎಲ್ಲಿಂದ ಬರಬೇಕು? ಅದು ನಿಮ್ಮ ಕಡೇದ."

ಅಪೇಕ್ಷಾಳೂ ಆ ಕೊಠಡಿಯಲ್ಲಿದ್ದಳು. ವರದಿಯ ಜೊತೆಗೆ ಬಂದಿದ್ದ ಬಣ್ಣದ ಫೋಟೊದಲ್ಲಿ ಒಣಗಿದ ಗಸಿಯ ಚಿಟಿಕೆಯೊಂದು ಗಾಜಿನ ಮೇಲಿತ್ತು. ಅದನ್ನೇ ನೋಡುತ್ತಿದ್ದಳು. ಚಂದ್ರಕಲಾ ಆಕೆಯನ್ನು ಹೊರಗೆ ಕರೆದೊಯ್ದಳು.

"ಏನು ನೆನಪಾತು ಡಾಕ್ಟ್ರ?"

"ಹೇಳಿದ್ರ ಸಂಶಯ ನನ್ನ ಮ್ಯಾಲೂ ಬರ್ತದ."

"ಬರ್ಲಿ. ಹೇಳ್ರಿ."

"ಇದು ಗೋಪೀಚಂದನ ಮೇಡಂ. ನಮ್ಮ ವೈಷ್ಣವರ ಮನ್ಯಾಗ ಗಂಡಸ್ರು ದಿನಾ ಬೆಳಗ್ಗೆ ಅಂಗೈಯಾಗ ನೀರು ಹಾಕಿ ತೇಯ್ದು ನಾಮ ಹಚ್ಕೋತಾರ. ನಮ್ಮ ಅಪ್ಪನ ಅಂಗೈ ನೋಡಿ ಬೆಳದೇನಿ ನಾ. ಈ ಬಣ್ಣ ತಪ್ಪಂಗಿಲ್ಲ." ಆಕೆ ತನ್ನ ಅಂಗೈ ನೋಡಿಕೊಂಡಳು. "ದೇವರಿಗೆ ಅಂತ ಇಟ್ಟದ್ದನ್ನ ಒಬ್ಬಾಕಿ ಎದಿಗೆ ಚುಚ್ಚಿದೆನಲ್ಲ ಮೇಡಂ. ನನ್ನ ಕೈಯಿಂದನ."

"ಸೂಜಿ ನಿಮ್ದು. ಮಣ್ಣು ನಿಮ್ದಲ್ಲ," ಅಂದಳು ಚಂದ್ರಕಲಾ. ಕದ್ದವಳೇ ಆಗಿದ್ದರೆ ತೂತು ನೋಡಿಸಿ ಎಂದು ಹೇಳುತ್ತಿರಲಿಲ್ಲ ಎಂಬುದು ಆಕೆಯ ಲೆಕ್ಕ. ಔಷಧಿ ಮುಟ್ಟಿದವರು ಮೂವರು. ಡ್ರೈವರ್ ಈಶ್ವರನದು ಶೈವರ ಮನೆ, ಅಲ್ಲಿ ಗೋಪೀಚಂದನ ಇರುವುದಿಲ್ಲ. ಪ್ರಭಂಜನ ವೈಷ್ಣವ. ಆದರೆ ಪೆಟ್ಟಿಗೆಗೆ ಪ್ರಭಂಜನ ಯಾವಾಗ, ಎಲ್ಲಿ ಕೈ ಹಾಕಿದ? ಅದಕ್ಕೆ ಸಾಕ್ಷಿ ಬೇಕಿತ್ತು.

ಗುರುವಾರ ಬೆಳಿಗ್ಗೆ ಗಾದಿಗನೂರಿನ ಒಂದು ಗ್ಯಾರೇಜಿನಲ್ಲಿ ಈಶ್ವರ್ ಸಿಕ್ಕ. ಲಾರಿಯ ಕೆಳಗೆ ಮಲಗಿದ್ದವನು ಖಾಕಿ ಕಂಡು ಹೊರಗೆ ಬರಲು ಒಪ್ಪಲಿಲ್ಲ.

"ಬಾರಲೇ ಹೊರಗ," ಗಾದಿಲಿಂಗ ಬಗ್ಗಿ ಕೂಗಿದ.

"ಹೊಡೀತೀರಿ."

"ನನ್ನ ನಡು ನೋಡು, ಬಗ್ಗಿದ್ರ ಏಳಾಕ ಬರವಲ್ದು. ಹೊಡಿಯೋದೆಲ್ಲಿಂದ?"

ಈಶ್ವರ್ ತೆವಳಿಕೊಂಡು ಬಂದ. ಚಂದ್ರಕಲಾ ಅವನಿಗೆ ಚಹಾ ತರಿಸಿ ಕೇಳಿದಳು.

"ತಾಯಕ್ಕನ ಎರಡನೇ ಔಷಧಿ ಬಂದ ದಿನ ಪೆಟ್ಟಿಗಿ ತಗೊಂಡು ಸ್ಟೇಷನ್ನಿಂದ ನೆಟ್ಟಗ ದವಾಖಾನಿಗೆ ಹೋದಿಯೇನು?"

"ಇಲ್ರಿ. ಆವತ್ತು ಪ್ರಭಂಜನ್ ಸರ್ ಸ್ಟೇಷನ್ನಿಗೇ ಬಂದಿದ್ರು. ಗಾಡಿ ಕಂಪ್ಲಿಗೆ ತಿರುಗಿಸು ಅಂದ್ರು. ಅಲ್ಲಿ ಕೋಟೆ ಹತ್ರ ನನ್ನ ಇಳಿಸಿ, ನೀ ಚಾ ಕುಡಿ ಅಂದು ಪೆಟ್ಟಿಗಿ ತಗೊಂಡು ತಾವೇ ಗಾಡಿ ಹೊಡಕೊಂಡು ಹೋದ್ರು. ಅರ್ಧ ತಾಸಿಗೆ ಬಂದ್ರು."

"ಇದನ್ನ ಯಾರಿಗೂ ಹೇಳ್ಲಿಲ್ಲ ಯಾಕ?"

"ಯಾರು ಕೇಳಿದ್ರಿ?" ಅಂದ ಈಶ್ವರ್. "ಮರುವಾರ ಕೆಲಸದಿಂದ ತಗದ್ರು. ಯಾಕ ಅಂತ ನಾ ಕೇಳಿದೆ. ಅದಕ್ಕೂ ಯಾರೂ ಏನೂ ಹೇಳ್ಲಿಲ್ಲ."

ಕಂಪ್ಲಿಯಲ್ಲಿ ಪ್ರಭಂಜನನ ಅಕ್ಕ ಗಂಗಾಬಾಯಿ ಇದ್ದಾಳೆ ಎಂಬುದನ್ನು ಅಲ್ಲಿಯ ಠಾಣೆಯವರು ಒಂದೇ ಫೋನಿಗೆ ಹೇಳಿದರು. ಮಧ್ಯಾಹ್ನ ಶೋಧನಾ ವಾರಂಟ್ ಹಿಡಿದು ಮನೆ ಬಾಗಿಲು ತಟ್ಟಿದಾಗ ತೆರೆದವಳು ಅರವತ್ತರ ವಿಧವೆ. ತಲೆಯ ಮೇಲೆ ಸೆರಗು, ಬಲಗೈ ಬಾತು ಕಂಬದಂತಾಗಿತ್ತು. ಎದೆಯ ಗಡ್ಡೆ ಬಲಿತಾಗ ಕೈ ಹೀಗೆ ಬಾಯುತ್ತದೆ; ಆಕೆಗೂ ಅದೇ ರೋಗವೇ ಎಂದು ಕೇಳುವ ಅಗತ್ಯವಿರಲಿಲ್ಲ.

"ತಮ್ಮ ನಿಮಗ ಏನಾದ್ರೂ ಸೂಜಿ ಹಾಕಿದಾನೇನಮ್ಮಾ?"

"ಹಾಕ್ಯಾನ. ಬೆಂಗಳೂರಿಂದ ಹೊಸಾ ಔಷಧ ಬಂದದಕ್ಕ, ನಿನ್ನ ಹೆಸರಿಲೇ ತರಿಸೇನಿ ಅಂದ. ಇನ್ನೊಂದು ಬಾಟಲಿ ಫ್ರಿಜ್ಜಿನ್ಯಾಗ ಅದ ನೋಡ್ರಿ, ಹಾಲಿನ ಪಾತ್ರೆ ಹಿಂದ." ಗಂಗಾಬಾಯಿಯ ಮುಖದಲ್ಲಿ ತಮ್ಮನ ಬಗ್ಗೆ ಹೆಮ್ಮೆಯಿತ್ತು. "ಯಾಕ್ರಿ? ಏನಾತು?"

ಚಂದ್ರಕಲಾ ಫ್ರಿಜ್ಜು ತೆರೆಸಿದಳು. ಬಾಟಲಿಯ ಚೀಟಿಯ ಮೇಲೆ ರೋಗಿಯ ಹೆಸರಿರಲಿಲ್ಲ, ಸಂಖ್ಯೆಯಿತ್ತು. ಅದು ತಾಯಕ್ಕನ ಸಂಖ್ಯೆ. ಪಂಚರು ಸಹಿ ಹಾಕಿದರು. ಗಾದಿಲಿಂಗ ಈ ಸಲ ಹೆಬ್ಬೆರಳು ಅಡ್ಡ ಹಿಡಿಯಲಿಲ್ಲ.

"ಇದು ನಿಮ್ದಲ್ರಿ ಅಮ್ಮಾ. ಸಂಡೂರಿನ ಒಬ್ಬಾಕಿದು. ಆಕಿಗೆ ಇದರ ಬದಲಿ ಮಣ್ಣು ಹಾಕ್ಯಾರ."

ಗಂಗಾಬಾಯಿ ಗೋಡೆ ಹಿಡಿದು ಕೂತಳು. "ಇನ್ನೊಬ್ಬಾಕಿ ಪಾಲಿಂದು ಅಂತ ಹೇಳಿದ್ರ ನಾ ಕೈ ಚಾಚ್ತಿದ್ದೆನ?" ಅಂದಳು. ಆಮೇಲೆ, "ಆಕಿ ಇದ್ದಾಳಲ್ಲ? ಜೀವಂತ ಇದ್ದಾಳಲ್ಲ?"

"ಇದ್ದಾಳ."

"ಹಂಗಾದ್ರ ನನ್ನ ಹೇಳಿಕಿ ಬರಕೋರಿ. ಎಲ್ಲಾ ಹೇಳ್ತೇನಿ."

ಬೆಳಕಿಲ್ಲದೆ, ಡಾಕ್ಟರಿಲ್ಲದೆ ಚುಚ್ಚಿದ ಆ ಔಷಧಿ ಗಂಗಾಬಾಯಿಗೂ ಏನೂ ಮಾಡಿರಲಿಲ್ಲ. ಇಬ್ಬರು ಹೆಂಗಸರ ನಡುವೆ ಅದು ವ್ಯರ್ಥವಾಗಿ ಹರಿದು ಹೋಗಿತ್ತು. ಆ ಸಂಜೆಯೇ ಅಪೇಕ್ಷಾ, ತಮ್ಮನಿಗೆ ಸುದ್ದಿ ಮುಟ್ಟದಂತೆ, ಆಕೆಯನ್ನು ಹೊಸಪೇಟೆಗೆ ಕರೆಸಿಕೊಂಡು ಮಾಮೂಲು ಚಿಕಿತ್ಸೆಗೆ ಸೇರಿಸಿಕೊಂಡಳು.

ಶುಕ್ರವಾರ ಹನ್ನೊಂದಕ್ಕೆ ಸಭೆ. ಬೆಂಗಳೂರಿನಿಂದ ಬಂದ ಪ್ರಯೋಗ ಸಮಿತಿಯ ನಾಲ್ವರು, ಲಿಂಗರಾಜ್, ಅಪೇಕ್ಷಾ, ಕಡತ ಓದಲು ಪ್ರಭಂಜನ. ಗೇಟಿನ ಹೊರಗೆ ಸಂಡೂರಿನಿಂದ ಎರಡು ಟೆಂಪೊ ತುಂಬ ಬಂದಿಳಿದ ಹೆಂಗಸರು. ಸೆಕ್ಯುರಿಟಿಯವನು ಒಳಗೆ ಬಿಡಲಿಲ್ಲ. ಅವರು ರಸ್ತೆಯಲ್ಲೇ ಕೂತರು. ಕೆಂಪು ದೂಳು ಹತ್ತಿದ ಕಾಲುಗಳ ಸಾಲು ಆಸ್ಪತ್ರೆಯ ಬಿಳಿ ಮೆಟ್ಟಿಲಿನ ತನಕ ಬಂದಿತ್ತು.

"ಮುಂದಿನದು ತಾಯಕ್ಕ, ಸಂಡೂರು," ಪ್ರಭಂಜನ ಓದುತ್ತಿದ್ದ. "ಎರಡನೇ ಸರದಿಗೆ ಪ್ರತಿಕ್ರಿಯೆ ಇಲ್ಲ. ಕೈಬಿಡಲು ಶಿಫಾರಸು..."

ಬಾಗಿಲು ತೆರೆಯಿತು. ಮುಂದೆ ಚಂದ್ರಕಲಾ, ಹಿಂದೆ ಗಾದಿಲಿಂಗ, ಅವರ ನಡುವೆ ತಾಯಕ್ಕ.

"ಇದು ಗೋಪ್ಯ ಸಭೆ ಮೇಡಂ," ಲಿಂಗರಾಜ್ ಎದ್ದು ನಿಂತ. "ರೋಗಿಗಳಿಗೆ ಇಲ್ಲಿ ಪ್ರವೇಶ ಇಲ್ಲ."

"ಈಕಿ ರೋಗಿ ಆಗಿ ಬಂದಿಲ್ರಿ. ದೂರುದಾರರಾಗಿ ಬಂದಾರ." ಚಂದ್ರಕಲಾ ಎರಡು ಚಿತ್ರಗಳನ್ನು ಮೇಜಿನ ನಡುವೆ ಇಟ್ಟಳು. "ಇದು ಔಷಧಿ. ಇದು ಈಕಿಗೆ ಕೊಟ್ಟದ್ದು. ಔಷಧಿಗೆ ಪ್ರತಿಕ್ರಿಯೆ ಇಲ್ಲ ಅಂತ ಬರಿಬ್ಯಾಡ್ರಿ. ಔಷಧಿ ಕೊಟ್ಟೇ ಇಲ್ಲ ಅಂತ ಬರೀರಿ."

ಸಮಿತಿಯ ಹಿರಿಯ ಹೆಂಗಸೊಬ್ಬಳು ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಸಲ ನೋಡಿದಳು. ಆಮೇಲೆ ಪ್ರಭಂಜನನ ಕೈಯಿಂದ ಕಡತ ತೆಗೆದುಕೊಂಡು ಶಿಫಾರಸಿನ ಸಾಲಿನ ಮೇಲೆ ಗೀಟು ಎಳೆದಳು. "ತಾಯಕ್ಕ ಪ್ರಯೋಗದಲ್ಲೇ ಇರ್ತಾರೆ. ಎರಡನೇ ಸರದಿ ಹೊಸದಾಗಿ. ಪೆಟ್ಟಿಗೆಯನ್ನ ಅವರ ಕಣ್ಣೆದುರೇ ತೆರೀಬೇಕು. ಒಂಬತ್ತೂ ಜನರ ಬಾಟಲಿಗಳು ಇವತ್ತೇ ಪರೀಕ್ಷೆಗೆ ಹೋಗಬೇಕು. ಡಾಕ್ಟರ್ ಲಿಂಗರಾಜ್, ರೋಗಿ ದೂರು ಹೇಳಿದಾಗ ನೀವು ಏನು ಮಾಡಿದ್ರಿ ಅನ್ನೋದು ಲಿಖಿತವಾಗಿ ಬೇಕು."

ಲಿಂಗರಾಜ್ ಕೂತ. ಕೂತದ್ದು ತಾಯಕ್ಕನ ಎದುರಿನ ಕುರ್ಚಿಯಲ್ಲಿ. ಆಕೆ ನಿಂತೇ ಇದ್ದಳು, ಆತ ತಲೆ ಎತ್ತಿ ನೋಡಬೇಕಾಯಿತು.

"ನಗ್ರಿ ಸಾಹೇಬ್ರ," ಅಂದಳು ತಾಯಕ್ಕ. "ಆವತ್ತು ನಕ್ಕಿದ್ರಲ್ಲ."

11.40ಕ್ಕೆ ಪ್ರಭಂಜನನ ಬಂಧನವಾಯಿತು. ಕಾರಣಗಳನ್ನು ಓದಿ ಹೇಳಿದರು. ಸುದ್ದಿ ಯಾರಿಗೆ ತಿಳಿಸಬೇಕೆಂದು ಕೇಳಿದಾಗ, "ಅಕ್ಕನಿಗೆ," ಅಂದ. ಜೀಪಿನವರೆಗೆ ನಡೆದು ಹೋಗುವಾಗ ರಸ್ತೆಯಲ್ಲಿ ಕೂತವರು ಎದ್ದು ದಾರಿ ಬಿಟ್ಟರು. ಯಾರೂ ಬೈಯಲಿಲ್ಲ. ಜೀಪು ತಿರುವು ದಾಟಿದ ಮೇಲೆ ಭರಮಮ್ಮ ಒಂದು ಕೂಗು ಹಾಕಿದಳು, ಅದಕ್ಕೆ ಟೆಂಪೊ ಎರಡರ ಜನವೂ ದನಿಗೂಡಿಸಿತು. ವಾರ್ಡುಗಳ ಕಿಟಕಿಗಳಿಂದ ರೋಗಿಗಳು ಇಣುಕಿದರು, ಒಬ್ಬಿಬ್ಬರು ಕೈ ತಟ್ಟಿದರು. ತಾಯಕ್ಕ ಬಿಳಿ ಮೆಟ್ಟಿಲು ಇಳಿದು ಬಂದಾಗ ಹೆಂಗಸರು ಆಕೆಯನ್ನು ಎತ್ತಿಕೊಳ್ಳಲು ಹೋದರು. "ಗಡ್ಡಿ ಐತ್ರವ್ವಾ, ಸಾವಕಾಶ!" ಎಂದು ಆಕೆ ಅರಚಿದಳು, ಎಲ್ಲರೂ ನಕ್ಕರು, ಆಕೆ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಧ್ಯಾಹ್ನ ಠಾಣೆಯಲ್ಲಿ ಪ್ರಭಂಜನ ಮುಚ್ಚುಮರೆಯಿಲ್ಲದೆ ಹೇಳಿದ. ತಾಯಿ ಹೋದ ಮೇಲೆ ಗಂಗಾಬಾಯಿಯೇ ಅವನನ್ನು ಸಾಕಿದವಳು. ಮೂತ್ರಪಿಂಡ ದುರ್ಬಲವೆಂದು ಪ್ರಯೋಗದಲ್ಲಿ ಆಕೆಗೆ ಜಾಗ ಸಿಗಲಿಲ್ಲ. ಲಿಂಗರಾಜನನ್ನು ಬೇಡಿಕೊಂಡ, ನಿಯಮ ನಿಯಮವೇ ಎಂಬ ಉತ್ತರ ಬಂತು. ಆಮೇಲೆ ಕದ್ದ, ಬೇರೆ ಬಾಟಲಿಗಳಿಗೆ ಅದೇ ಸಂಖ್ಯೆಯ ಚೀಟಿ ಅಂಟಿಸಿ ಮಣ್ಣುನೀರು ತುಂಬಿಟ್ಟ. ಕಂಡದ್ದನ್ನು ಈಶ್ವರ್ ಎಲ್ಲಿ ಹೇಳಿಬಿಡುವನೋ ಎಂದು ಅವನ ಮೇಲೆ ದೂರು ಬರೆದು ಕೆಲಸದಿಂದ ತೆಗೆಸಿದವನೂ ತಾನೇ ಎಂದ.

"ಗೋಪೀಚಂದನ ಯಾಕ ಹಾಕಿದಿ?"

"ಬಣ್ಣ ಹೊಂದಿತು. ಕೆಟ್ಟದ್ದು ಹಾಕಬಾರದು ಅಂತನೂ ಅನಿಸ್ತು. ದೇವರದು, ಅದರಿಂದ ಏನೂ ಆಗಂಗಿಲ್ಲ ಅಂತ ನಂಬಿದ್ದೆ."

"ಕೀವಾತು."

ಅವನಿಗಿದ್ದ ಅಕ್ಕನ ಮೇಲಿನ ಪ್ರೀತಿ ಸುಳ್ಳಲ್ಲವೆಂದು ಚಂದ್ರಕಲಾಳಿಗೆ ಕಂಡಿತು. ಕೊನೆಯ ಪ್ರಶ್ನೆ ಕೇಳಿದಳು.

"ಒಂಬತ್ತು ಮಂದಿ ಇದ್ರು. ತಾಯಕ್ಕಂದ ಯಾಕ?"

ಪ್ರಭಂಜನ ನೆಲ ನೋಡಿದ. "ಉಳದವ್ರ ಜೋಡಿ ಯಾರಾರ ಬರ್ತಿದ್ರು. ಮಗ, ಅಳಿಯ, ಯಾರಾರ ಒಬ್ರು ಏನು, ಯಾಕ ಅಂತ ಕೇಳ್ತಿದ್ರು. ಈಕಿ ಒಬ್ಬಾಕಿನ ಬಂದು ಮೂಲ್ಯಾಗ ಕೂಡ್ತಿದ್ಲು. ಕೇಳಂಗಿಲ್ಲ ಅಂದ್ಕೊಂಡೆ."

ಗಾದಿಲಿಂಗ ಆ ಮಾತನ್ನು ಅದು ಇದ್ದ ಹಾಗೆಯೇ ಟೈಪು ಮಾಡಿದ.

ಹೊರಗೆ ಬಾಗಿಲ ಬಳಿಯ ಮೇಜಿನ ಹತ್ತಿರ ಗದ್ದಲವಿತ್ತು. ಕಾನ್‌ಸ್ಟೆಬಲ್ ಒಬ್ಬ, ಇವತ್ತಿಗೆ ಕೆಲಸ ಮುಗೀತು, ಮನೀಗೆ ಹೋಗ್ರಿ ಎಂದು ಸಂಡೂರಿನವರನ್ನು ಸಾಗಹಾಕಲು ನೋಡುತ್ತಿದ್ದ. ತಾಯಕ್ಕನ ದನಿ ಅವನ ದನಿಯನ್ನು ದಾಟಿ ಒಳಗಿನ ತನಕ ಬಂತು.

"ಹೋಗ್ತೀನಿ ತಡೀರಿ. ಆ ಕಂಪ್ಲಿ ಅಕ್ಕನ್ನ ಯಾವ ವಾರ್ಡಿನಾಗ ಇಟ್ಟಾರ? ಊಟ ಮಾಡ್ಯಾಳೇನು? ಆಕಿ ಜೋಡಿ ಯಾರದಾರ?"